ಕ್ಲಸ್ಟರ್ ಪಟ್ಟಿ: 300 ಕಿ.ಮೀ. ಗುಟ್ಟು ಕೊನೆಗೂ ರಟ್ಟಾಯಿತು

ಸಿಕ್ಕಿತು! ಹೈಡ್ರಾ ಕ್ಲಸ್ಟರ್ (ಗ್ಯಾಲಕ್ಸಿಗಳ ಗುಂಪು), ಅಂದರೆ ಏಬೆಲ್ 1060, ನಮ್ಮಿಂದ ದೂರ ಸರಿಯುವ ವೇಗದ ಒಂದು ಪಟ್ಟಿಯಲ್ಲಿ ಸೆಕೆಂಡಿಗೆ 3780 ಕಿ.ಮೀ. ಹತ್ತಿರ, ಇನ್ನೊಂದರಲ್ಲಿ 3510ರ ಹತ್ತಿರ ಯಾಕೆ ಕೂತಿದೆ ಅನ್ನುವುದು ಗೊತ್ತಾಯಿತು. ಇದು ಒಂದು ಕ್ಲಸ್ಟರಿನ ಕಥೆ ಅಲ್ಲ. ಆ ಎರಡನೇ ಪಟ್ಟಿಯ ದೊಡ್ಡದೊಂದು ಭಾಗಕ್ಕೇ ಇದೇ ಕಾಯಿಲೆ ಇತ್ತು. ಖುಷಿಯಲ್ಲಿ ಬರೆಯುತ್ತಿದ್ದೇನೆ, ಉದ್ದ ಆದರೆ ಸಹಿಸಿಕೊಳ್ಳಿ.

ನಾನು ಮಾಡಲು ಹೊರಟಿರುವುದು ಇಷ್ಟು. ಏಬೆಲ್ ಕ್ಲಸ್ಟರುಗಳಲ್ಲಿ ರೆಡ್‌ಶಿಫ್ಟ್ (ದೂರ ಸರಿಯುವುದರಿಂದ ಬೆಳಕಿನ ಗೆರೆಗಳು ಕೆಂಪಿನ ಕಡೆ ಜರುಗುವ ಪ್ರಮಾಣ) 0.1ರ ಒಳಗಿನವಕ್ಕೆ ಒಂದೇ ಪಟ್ಟಿ. ಪ್ರತಿ ಸಾಲಿನಲ್ಲೂ ಸೂರ್ಯಕೇಂದ್ರಿತ (ಸೂರ್ಯನಿಂದ ನೋಡಿದಂತೆ) ರೆಡ್‌ಶಿಫ್ಟ್, ಎಷ್ಟು ಗ್ಯಾಲಕ್ಸಿಗಳಿಂದ ಬಂದದ್ದು, ವೇಗದ ಹರವು (ಸದಸ್ಯ ಗ್ಯಾಲಕ್ಸಿಗಳ ವೇಗ ಸರಾಸರಿಯ ಸುತ್ತ ಎಷ್ಟು ಹರಡಿದೆ ಅನ್ನುವುದು), ಮತ್ತು ಮೂಲ. ಜಾರ್ಜ್ ಏಬೆಲ್ 1958ರಲ್ಲಿ 2712 ಕ್ಲಸ್ಟರುಗಳ ಪಟ್ಟಿ ಕೊಟ್ಟಾಗ ದೂರವನ್ನು ಅಂದಾಜು ಮಾಡಿದ್ದು ಹತ್ತನೇ ಪ್ರಕಾಶಮಾನ ಗ್ಯಾಲಕ್ಸಿಯ ಕಾಂತಿಮಾನದಿಂದ (ಹೊಳಪಿನ ಅಳತೆಯಿಂದ). ಅಳೆದ ರೆಡ್‌ಶಿಫ್ಟ್‌ಗಳು ಆಮೇಲೆ ಒಂದೊಂದಾಗಿ, ಬೇರೆ ಬೇರೆ ದೂರದರ್ಶಕಗಳಿಂದ, ಬೇರೆ ಬೇರೆ ಕಾಲದಲ್ಲಿ ಬಂದವು. 1989ರ ವಿಸ್ತೃತ ಪಟ್ಟಿಯಲ್ಲಿ ದಕ್ಷಿಣ ಆಕಾಶವೂ ಸೇರಿ ಸಂಖ್ಯೆ 4073ಕ್ಕೆ ಏರಿತು. ಖಗೋಳ ಪಟ್ಟಿಗಳ ಆನ್‌ಲೈನ್ ಭಂಡಾರ ವಿಜಿಯರ್‌ನಿಂದ ಇಳಿಸುವುದು, ಪಟ್ಟಿ ಹೋಲಿಸುವ ತಂತ್ರಾಂಶ ಟಾಪ್‌ಕ್ಯಾಟ್‌ನಲ್ಲಿ ಹೊಂದಿಸುವುದು, ಇವುಗಳಲ್ಲಿ ಹೇಳುವಂಥದ್ದು ಏನಿಲ್ಲ. ತೊಂದರೆ ಶುರುವಾಗಿದ್ದು ಎರಡು ಪಟ್ಟಿಗಳನ್ನು ಒಂದರಿಂದ ಒಂದು ಕಳೆದಾಗ.

ಮೊದಲು ಸಾವಿರಾರು ಕಿ.ಮೀ. ವ್ಯತ್ಯಾಸ ಇರುವ ಸಾಲುಗಳನ್ನು ಬದಿಗಿಟ್ಟೆ. ಅವುಗಳ ಕಾರಣ ಬೇರೆ. ಏಬೆಲ್ 2152 ನೋಡಿ, 0.041ರಲ್ಲಿ ಒಂದು ಕ್ಲಸ್ಟರ್, ಅದರ ಹಿಂದೆಯೇ 0.134ರಲ್ಲಿ ಇನ್ನೊಂದು. ಪರ್ಸಿಯಸ್‌ನ ಎನ್‌ಜಿಸಿ 1275 ಇನ್ನೂ ಮಜಾ. ಆ ಗ್ಯಾಲಕ್ಸಿಯದ್ದು ಸುಮಾರು 5250 ಕಿ.ಮೀ/ಸೆ, ಆದರೆ ಅದರ ಮುಂದೆ ಅಡ್ಡಬಂದ ಇನ್ನೊಂದು ಗ್ಯಾಲಕ್ಸಿಯ ಅನಿಲ 8200ರಲ್ಲಿದೆ. ಅಂಥ ಕಡೆ ವರ್ಣಪಟಲದ ಯಾವ ಗೆರೆಯನ್ನು ಅಳೆದರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಇವನ್ನೆಲ್ಲ ತೆಗೆದು, 1000 ಕಿ.ಮೀ/ಸೆ ಒಳಗಿನ ವ್ಯತ್ಯಾಸಗಳನ್ನು ಮಾತ್ರ ಉಳಿಸಿಕೊಂಡೆ.

ಉಳಿದದ್ದರ ಹಿಸ್ಟೋಗ್ರಾಂ ನೋಡಲು ಚೆನ್ನಾಗಿಯೇ ಇತ್ತು. ನಡುಬಿಂದು ಸೊನ್ನೆಯ ಮೇಲೆ. ಎಡಬಲ ಸಮ. ಆದರೆ ಅಗಲ ಜಾಸ್ತಿ. ಆ ಅಗಲಕ್ಕೆ ಸುಲಭದ ಕಾರಣವೂ ಕೈಗೆ ಸಿಗುವಂತಿತ್ತು. ವೇಗದ ಹರವು 800 ಇರುವ ಕ್ಲಸ್ಟರಿನಲ್ಲಿ ನಾಲ್ಕೇ ಗ್ಯಾಲಕ್ಸಿ ಅಳೆದಿದ್ದರೆ ಸರಾಸರಿಯಲ್ಲೇ 400 ಕಿ.ಮೀ/ಸೆ ಅನಿಶ್ಚಿತತೆ. ಒಂದೇ ಗ್ಯಾಲಕ್ಸಿ ಆದರೆ ಕೇಳುವುದೇ ಬೇಡ. ಕೋಮಾ ಕ್ಲಸ್ಟರಿನ ಎರಡು ದೈತ್ಯರನ್ನೇ ನೋಡಿ: ಎನ್‌ಜಿಸಿ 4889 ಸುಮಾರು 6500ರಲ್ಲಿ, ಎನ್‌ಜಿಸಿ 4874 ಸುಮಾರು 7200ರಲ್ಲಿ. ಕ್ಲಸ್ಟರಿನ ಸರಾಸರಿ 6900 ಚಿಲ್ಲರೆ. ಇಬ್ಬರಲ್ಲಿ ಯಾರನ್ನು ನಂಬಿದರೂ ಸರಾಸರಿ ಸಿಗಲ್ಲ!

ಆದರೆ ಈ ಕಾರಣಕ್ಕೆ ಒಂದು ಪರೀಕ್ಷೆ ಇದೆ ಅಲ್ವಾ. ಗ್ಯಾಲಕ್ಸಿ ಸಂಖ್ಯೆ ಜಾಸ್ತಿ ಆದಂತೆ ವ್ಯತ್ಯಾಸ ಕುಗ್ಗಬೇಕು. ಎರಡೂ ಪಟ್ಟಿಗಳಲ್ಲಿ 30ಕ್ಕಿಂತ ಹೆಚ್ಚು ಗ್ಯಾಲಕ್ಸಿ ಇರುವ ಸಾಲುಗಳನ್ನು ಮಾತ್ರ ಆರಿಸಿದೆ. ಅಗಲ ಕುಗ್ಗಿತು, ಆದರೆ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿತು. ಹೈಡ್ರಾ ಮಾತ್ರ ಜಗ್ಗಲೇ ಇಲ್ಲ. 270 ಕಿ.ಮೀ/ಸೆ ಕಡಿಮೆ, ಅಷ್ಟೇ. ನೂರಕ್ಕೂ ಹೆಚ್ಚು ಗ್ಯಾಲಕ್ಸಿಗಳನ್ನು ಅಳೆದಿರುವ ಕ್ಲಸ್ಟರ್ ಅದು. ಅಲ್ಲಿ ಅಷ್ಟು ದೊಡ್ಡ ವ್ಯತ್ಯಾಸಕ್ಕೆ ಜಾಗವೇ ಇಲ್ಲ. ಇಲ್ಲಿಂದ ತಲೆಗೆ ಹುಳ ಹೊಕ್ಕಿತು.

ವ್ಯತ್ಯಾಸವನ್ನು ಬಣ್ಣವಾಗಿ ಕೊಟ್ಟು ಇಡೀ ಆಕಾಶದ ಮೇಲೆ ಚುಕ್ಕಿ ಇಟ್ಟೆ. ಹೆಚ್ಚಿದ್ದರೆ ಕೆಂಪು, ಕಡಿಮೆ ಇದ್ದರೆ ನೀಲಿ. ಪೆಗಾಸಸ್ ಕಡೆಯೆಲ್ಲ ಕೆಂಪು. ಹರ್ಕ್ಯುಲಿಸ್ ಕಡೆ ತಿಳಿಗೆಂಪು. ಹೈಡ್ರಾ ಸುತ್ತಮುತ್ತ ಅಚ್ಚ ನೀಲಿ. ಅರ್ಧ ಆಕಾಶ ಒಂದು ಬಣ್ಣ, ಉಳಿದರ್ಧ ಇನ್ನೊಂದು. ಇದನ್ನು ನೋಡಿದ ತಕ್ಷಣ ಮೈ ಜುಮ್ಮೆಂದಿತು. ಅಳತೆಯ ತಪ್ಪುಗಳು ಹೀಗೆ ದಿಕ್ಕು ನೋಡಿಕೊಂಡು ಬರುವುದಿಲ್ಲ. ಇದು ಸೂರ್ಯನ ಚಲನೆ. ಎರಡು ಪಟ್ಟಿಗಳಲ್ಲಿ ಒಂದು ಸೂರ್ಯಕೇಂದ್ರಿತ ಅಲ್ಲ.

ಅನುಮಾನ ಮೊದಲು ಹೋಗಿದ್ದು ಸಿಎಂಬಿ ಮೇಲೆ, ಅಂದರೆ ಬಿಗ್ ಬ್ಯಾಂಗ್‌ನಿಂದ ಉಳಿದು ಇಡೀ ಆಕಾಶ ತುಂಬಿರುವ ಮೈಕ್ರೋವೇವ್ ಬೆಳಕಿನ ಮೇಲೆ. ಅದರ ಲೆಕ್ಕದಲ್ಲಿ ಸೂರ್ಯ ಸೆಕೆಂಡಿಗೆ 370 ಕಿ.ಮೀ. ವೇಗದಲ್ಲಿ ಗ್ಯಾಲಕ್ಟಿಕ್ (ಆಕಾಶಗಂಗೆಯ ಸಮತಲವನ್ನು ಆಧಾರ ಮಾಡಿ ಎಣಿಸುವ) ರೇಖಾಂಶ 264, ಅಕ್ಷಾಂಶ 48ರ ಕಡೆ, ಅಂದರೆ ಲಿಯೋ ಮತ್ತು ಕ್ರೇಟರ್ ಕಡೆಗೆ ಓಡುತ್ತಿದ್ದಾನೆ. ಆದರೆ ಲೆಕ್ಕ ಕೂಡಲಿಲ್ಲ. ಹೈಡ್ರಾ ಆ ದಿಕ್ಕಿಗೆ ಹತ್ತಿರದಲ್ಲೇ ಇದೆ. ಸಿಎಂಬಿ ಚೌಕಟ್ಟಿಗೆ ತಂದರೆ, ಅಂದರೆ ಸೂರ್ಯನ ಬದಲು ಸಿಎಂಬಿಗೆ ಹೋಲಿಸಿ ವೇಗ ಲೆಕ್ಕ ಹಾಕಿದರೆ, ಅದರ ವೇಗ 340ರಷ್ಟು ಹೆಚ್ಚಾಗಬೇಕು. ಇಲ್ಲಿ 270 ಕಡಿಮೆ ಆಗಿದೆ. ಚಿಹ್ನೆಯೇ ಉಲ್ಟಾ. ಇನ್ನು ಕೋಮಾ 270ರಷ್ಟು ಹೆಚ್ಚಾಗಬೇಕಿತ್ತು, ಅದು ಕೂತಲ್ಲಿಂದ ಅಲ್ಲಾಡಿಲ್ಲ.

ಊಹೆ ಬಿಟ್ಟು ದಿಕ್ಕನ್ನು ಡೇಟಾದಿಂದಲೇ ಕೇಳಿದೆ. ಪ್ರತಿ ಕ್ಲಸ್ಟರಿನ ದಿಕ್ಕಿಗೆ ಮೂರು ಘಟಕಗಳು, ವ್ಯತ್ಯಾಸಕ್ಕೆ ಲೀಸ್ಟ್ ಸ್ಕ್ವೇರ್ಸ್ (ಒಟ್ಟು ತಪ್ಪು ಅತಿ ಕಡಿಮೆ ಆಗುವಂಥ) ಹೊಂದಿಕೆ. ನಾಲ್ಕು ಸಾಲಿನ ಸ್ಕ್ರಿಪ್ಟ್. ಬಂದ ಉತ್ತರ ರೇಖಾಂಶ 90ರ ಆಸುಪಾಸು, ಅಕ್ಷಾಂಶ ಸೊನ್ನೆಯ ಹತ್ತಿರ. ಸಿಗ್ನಸ್, ಡೆನೆಬ್ ಇರುವ ಕಡೆ! ಅಲ್ಲಿ ಒಂದೇ ಒಂದು ಏಬೆಲ್ ಕ್ಲಸ್ಟರ್ ಇಲ್ಲ, ಯಾಕೆಂದರೆ ಆಕಾಶಗಂಗೆಯ ಧೂಳಿನಿಂದಾಗಿ ಏಬೆಲ್ ಆ ಪಟ್ಟೆಯನ್ನೇ ಬಿಟ್ಟಿದ್ದ. ಕ್ಲಸ್ಟರೇ ಇಲ್ಲದ ದಿಕ್ಕನ್ನು ಉಳಿದ ಕ್ಲಸ್ಟರುಗಳು ಒಗ್ಗಟ್ಟಾಗಿ ತೋರಿಸುತ್ತಿದ್ದವು. ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ಘಳಿಗೆ ಇದು.

ಹಳೆಯ ಪ್ರಬಂಧಗಳನ್ನು ಓದಿದವರಿಗೆ ಈ ದಿಕ್ಕು ಕಂಡ ಕೂಡಲೇ ಹೊಳೆಯುತ್ತದೆ. ಸಿಎಂಬಿಯ ಅಳತೆ ನಿಖರವಾಗುವ ಮುಂಚೆ ಗ್ಯಾಲಕ್ಸಿಗಳ ವೇಗವನ್ನು ಸೂರ್ಯನ ಚಲನೆಗೆ ಸರಿಪಡಿಸಲು ಒಂದು ಸರಳ ಸೂತ್ರ ಬಳಸುತ್ತಿದ್ದರು: 300 ಗುಣಿಸು ರೇಖಾಂಶದ ಸೈನ್, ಗುಣಿಸು ಅಕ್ಷಾಂಶದ ಕೊಸೈನ್. ಅದನ್ನು ಅಳೆದ ವೇಗಕ್ಕೆ ಕೂಡಿಸುವುದು. ಸೂರ್ಯ ಆಕಾಶಗಂಗೆಯನ್ನು ಸುತ್ತುವ ಚಲನೆ ಸಿಗ್ನಸ್ ಕಡೆಗೇ ಇರುವುದರಿಂದ ರೇಖಾಂಶ 90. ಸೂತ್ರಕ್ಕೆ ಹಾಕಿ ನೋಡಿದೆ. ಪೆಗಾಸಸ್‌ನ ಏಬೆಲ್ 2634ಕ್ಕೆ ಕೂಡಿಸಬೇಕಾದದ್ದು 244. ಹರ್ಕ್ಯುಲಿಸ್‌ನ ಏಬೆಲ್ 2199ಕ್ಕೆ 193, ಏಬೆಲ್ 2151ಕ್ಕೆ 112. ಹೈಡ್ರಾಕ್ಕೆ ಕಳೆಯಬೇಕಾದದ್ದು 268. ಎಲ್ಲವೂ ಮೊಳೆ ಹೊಡೆದ ಹಾಗೆ ಕೂತವು.

ಕೋಮಾ ಯಾಕೆ ಅಲ್ಲಾಡಲಿಲ್ಲ ಅನ್ನುವುದೂ ಇದರಲ್ಲೇ ಇದೆ. ಅದರ ಗ್ಯಾಲಕ್ಟಿಕ್ ಅಕ್ಷಾಂಶ 88. ಗ್ಯಾಲಕ್ಟಿಕ್ ಧ್ರುವಕ್ಕೆ ಅಂಟಿಕೊಂಡೇ ಇದೆ. ಅಲ್ಲಿ ಈ ಸೂತ್ರ ಕೊಡುವುದು ಬರೀ 9 ಕಿ.ಮೀ/ಸೆ. ಹೊಸ ಪಟ್ಟಿ ಸಿಕ್ಕಾಗ ನಾವೆಲ್ಲ ಮೊದಲು ತೆಗೆದು ನೋಡುವುದು ಯಾವ ಕ್ಲಸ್ಟರ್ ಹೇಳಿ? ಕೋಮಾ! ಅದೊಂದು ಸರಿ ಇದ್ದರೆ ಪಟ್ಟಿ ಸರಿ ಅಂತ ಮುಂದೆ ಹೋಗುತ್ತೇವೆ. ಈ ತಪ್ಪನ್ನು ಹಿಡಿಯಲಾಗದ ಕ್ಲಸ್ಟರ್ ಒಂದಿದ್ದರೆ ಅದು ಅದೇ.

ಒಂದು ಗಂಟು ಇನ್ನೂ ಉಳಿದಿತ್ತು. ಹೊಂದಿಕೆ ಕೊಟ್ಟ ವೇಗ 300 ಅಲ್ಲ, ಅದರ ಅರ್ಧದ ಹತ್ತಿರ. ಮೂಲದ ಕಾಲಂ ಹಿಡಿದು ಸಾಲುಗಳನ್ನು ಎರಡು ಗುಂಪು ಮಾಡಿದೆ, ಹಳೆಯ ಉಲ್ಲೇಖ ಒಂದು ಕಡೆ, ಹೊಸದು ಒಂದು ಕಡೆ. ಹಳೆಯದರಲ್ಲಿ ವೇಗ 300ಕ್ಕೆ ಬಂದು ನಿಂತಿತು, ಹೊಸದರಲ್ಲಿ ಸೊನ್ನೆಗೆ. ಅಂದರೆ ಪಟ್ಟಿ ಮಾಡಿದವರು ಹಳೆಯ ಪ್ರಬಂಧಗಳ ಸರಿಪಡಿಸಿದ ವೇಗವನ್ನು ಹಾಗೇ ಎತ್ತಿಕೊಂಡು, ಹೊಸ ಪ್ರಬಂಧಗಳ ಸೂರ್ಯಕೇಂದ್ರಿತ ವೇಗದ ಪಕ್ಕದಲ್ಲೇ ಕೂರಿಸಿದ್ದಾರೆ. ಕಾಲಂನ ತಲೆಬರಹ ಏನು ಗೊತ್ತಾ? ಬರೀ ‘ವೇಗ’. ಯಾವ ಚೌಕಟ್ಟು ಅಂತ ಒಂದು ಪದ ಇಲ್ಲ, ಅಡಿಟಿಪ್ಪಣಿಯಲ್ಲೂ ಇಲ್ಲ.

ನನ್ನ ಸಿಟ್ಟು ಇರುವುದು ಇಲ್ಲೇ. ರಾತ್ರಿಗಟ್ಟಲೆ ದೂರದರ್ಶಕದಲ್ಲಿ ಕೂತು, ಕ್ಯಾಲ್ಸಿಯಂನ ಎಚ್ ಮತ್ತು ಕೆ ಗೆರೆಗಳನ್ನು ಹುಡುಕಿ ಅಳೆದವರ ಶ್ರಮ ಅದು. ಒಂದು ತಲೆಬರಹ ಸರಿಯಾಗಿ ಬರೆಯದೆ ಅದನ್ನು ಮಸುಕು ಮಾಡಬಾರದು. ಇನ್ನು ಕೆಲವರು ರೆಡ್‌ಶಿಫ್ಟನ್ನು ದಶಮಾಂಶದ ಮೂರೇ ಅಂಕಿಗೆ ಕತ್ತರಿಸುತ್ತಾರೆ. 0.001 ಅಂದರೆ 300 ಕಿ.ಮೀ/ಸೆ. ಅಂಥ ಪಟ್ಟಿಯಲ್ಲಿ ಈ ತಪ್ಪು ಒಂದೊಂದು ಸಾಲಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಐದು ಅಂಕಿ ಕೊಟ್ಟರೆ ಯಾರ ಗಂಟೂ ಹೋಗಲ್ಲ.

ಇಷ್ಟು ಸಣ್ಣದಕ್ಕೆ ಇಷ್ಟು ರಗಳೆ ಯಾಕೆ ಅನ್ನುವವರು ಹೈಡ್ರಾದ ದೂರ ಲೆಕ್ಕ ಹಾಕಿ ನೋಡಿ. ಹಬಲ್ ಸ್ಥಿರಾಂಕ (ವೇಗವನ್ನು ಇದರಿಂದ ಭಾಗಿಸಿದರೆ ದೂರ) 70 ಇಟ್ಟುಕೊಂಡರೆ ಹಳೆಯ ಸೂತ್ರದ 3510ಕ್ಕೆ 50 ಮೆಗಾಪಾರ್ಸೆಕ್ (ಗ್ಯಾಲಕ್ಸಿಗಳ ದೂರದ ಮಾನ). ಸೂರ್ಯಕೇಂದ್ರಿತ 3780ಕ್ಕೆ 54. ಸಿಎಂಬಿ ಚೌಕಟ್ಟಿನ 4120ಕ್ಕೆ 59. ಅದೇ ಕ್ಲಸ್ಟರ್, ಅದೇ ಗೆರೆಗಳು. ವೇಗದ ಹರವಿಗೆ ಮಾತ್ರ ಹೆಚ್ಚು ಪೆಟ್ಟಿಲ್ಲ, ಸದಸ್ಯರೆಲ್ಲ ಒಟ್ಟಿಗೇ ಸರಿಯುತ್ತಾರೆ.

ಹಳೆಯ ಗುಂಪಿನಿಂದ ಸೂತ್ರವನ್ನು ವಾಪಸ್ ಕಳೆದೆ. ಹಿಸ್ಟೋಗ್ರಾಂ ಸಪೂರ ಆಯಿತು. ಆಕಾಶದ ನಕ್ಷೆಯಲ್ಲಿ ಕೆಂಪು ನೀಲಿ ಎರಡೂ ಬೆರೆತುಹೋದವು. ಇನ್ನು ಮುಂದೆ ಪಟ್ಟಿಯಲ್ಲಿ ಉಳಿಯುವುದು ಸೂರ್ಯಕೇಂದ್ರಿತ ರೆಡ್‌ಶಿಫ್ಟ್ ಮಾತ್ರ. ಸಿಎಂಬಿಗೆ ಬೇಕಾದಾಗ ಲೆಕ್ಕ ಹಾಕಿಕೊಳ್ಳುವುದು, ಅದೂ ಸುಮ್ನೆ ವೇಗ ಕೂಡಿಸಿ ಅಲ್ಲ, ಒಂದು ಕೂಡು ರೆಡ್‌ಶಿಫ್ಟ್ ಅನ್ನುವ ಗುಣಾಕಾರದಲ್ಲಿ. 0.1ರ ಹತ್ತಿರ ಎರಡು ವಿಧಾನಗಳ ನಡುವೆ 37 ಕಿ.ಮೀ/ಸೆವರೆಗೂ ವ್ಯತ್ಯಾಸ ಬರಬಹುದು.

ಈ ಗಲಾಟೆಯ ನಡುವೆ ಇನ್ನೊಂದು ಆಸೆ ಹುಟ್ಟಿಕೊಂಡಿದೆ. ಇಷ್ಟು ದಿನ ಬೇರೆಯವರು ಅಳೆದದ್ದನ್ನು ಜೋಡಿಸಿದ್ದಾಯಿತು, ಒಂದನ್ನಾದರೂ ನಾನೇ ಅಳೆಯಬೇಕು. ಎನ್‌ಜಿಸಿ 1275ರ ಉತ್ಸರ್ಜನ ಗೆರೆಗಳ ಮೇಲೆ ಕಣ್ಣಿದೆ. ಆದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ, ಸೀಳುಗಂಡಿ ಇಲ್ಲದ ಗ್ರೇಟಿಂಗ್‌ನಲ್ಲಿ ಹರಡಿಕೊಂಡ ಗ್ಯಾಲಕ್ಸಿ ಮಸುಕಾಗುತ್ತದೆ. ಚುಕ್ಕಿಯಂತೆ ಕಾಣುವ ಕ್ವೇಸಾರ್ (ಬಹುದೂರದ ಗ್ಯಾಲಕ್ಸಿಯ ಅತಿ ಹೊಳಪಿನ ನಡುಭಾಗ) ವಾಸಿ. 3ಸಿ 273, ಕಾಂತಿಮಾನ 13ರ ಹತ್ತಿರ, ರೆಡ್‌ಶಿಫ್ಟ್ 0.158. 1963ರಲ್ಲಿ ಮಾರ್ಟೆನ್ ಶ್ಮಿಟ್ ಗೆರೆಗಳ ಒಗಟು ಬಿಡಿಸಿದ್ದು ಇದರದ್ದೇ. ಮಿಲಿಮೀಟರಿಗೆ 100 ಗೆರೆಯ ಗ್ರೇಟಿಂಗ್ ಸಾಕು. ಹೈಡ್ರೋಜನ್ ಬೀಟಾ 4861ರಿಂದ 5629 ಆಂಗ್‌ಸ್ಟ್ರಮ್‌ಗೆ ಸರಿದಿರುತ್ತದೆ, ಅಲ್ಲಿ ಹುಡುಕಬೇಕು. ಆಲ್ಫಾ ಬೇಡ, ಅದು 7600ಕ್ಕೆ ಬಂದು ನಮ್ಮದೇ ವಾತಾವರಣದ ಆಮ್ಲಜನಕದ ಪಟ್ಟೆಯೊಳಗೆ ಬೀಳುತ್ತದೆ.

ಪಟ್ಟಿಯಲ್ಲಿ ಮುಂದಿನ ಸರದಿ ಸೆಂಟಾರಸ್‌ನದ್ದು, ಏಬೆಲ್ 3526. ಅದರಲ್ಲಿ 3000 ಮತ್ತು 4500 ಕಿ.ಮೀ/ಸೆ ಸುತ್ತ ಎರಡು ಗುಂಪುಗಳಿವೆ. ಒಂದೇ ಸಾಲು ಕೊಡುವುದು ಅನ್ಯಾಯ, ಎರಡು ಸಾಲು ಕೊಡುತ್ತೇನೆ. 2025ರ ಮಾರ್ಚ್‌ನಲ್ಲಿ ಬಂದ ಡೆಸಿಯ (ಗ್ಯಾಲಕ್ಸಿಗಳ ರೆಡ್‌ಶಿಫ್ಟ್ ಅಳೆಯುವ ಸಮೀಕ್ಷೆ) ಮೊದಲ ಬಿಡುಗಡೆಯಿಂದ ಉತ್ತರದ ಕ್ಲಸ್ಟರುಗಳಿಗೆ ಹೊಸ ಸದಸ್ಯರನ್ನೂ ಸೇರಿಸಬೇಕು. ಅದಕ್ಕೂ ಹಿಂದಿನ ಸ್ಲೋನ್ ಸಮೀಕ್ಷೆಯಲ್ಲಿ ಒಂದೇ ತಟ್ಟೆಯ ಮೇಲೆ 55 ಆರ್ಕ್‌ಸೆಕೆಂಡಿಗಿಂತ ಹತ್ತಿರ ಗ್ಯಾಲಕ್ಸಿಯ ಬೆಳಕು ಹಿಡಿಯುವ ಎರಡು ಫೈಬರ್ ಇಡಲು ಆಗುತ್ತಿರಲಿಲ್ಲ. ಗ್ಯಾಲಕ್ಸಿಗಳು ಒತ್ತೊತ್ತಾಗಿರುವ ಕ್ಲಸ್ಟರಿನ ನಡುಭಾಗದಲ್ಲೇ ಎಷ್ಟೋ ಬಿಟ್ಟುಹೋಗಿವೆ. ಆ ಖಾಲಿಗಳು ಎಷ್ಟು ತುಂಬುತ್ತವೆ ನೋಡಬೇಕು.

ಅಷ್ಟರಲ್ಲಿ ನಿಮ್ಮ ಹತ್ತಿರ ಹಳೆಯ ಸಂಗ್ರಹ ಪಟ್ಟಿ ಯಾವುದಾದರೂ ಇದ್ದರೆ ಕೋಮಾ ಬಿಟ್ಟು ಏಬೆಲ್ 2634 ಮತ್ತು 1060 ಎರಡನ್ನು ತೆಗೆದು ನೋಡಿ. ಒಂದು 240ರಷ್ಟು ಮೇಲೆ, ಇನ್ನೊಂದು 270ರಷ್ಟು ಕೆಳಗೆ ಕೂತಿದ್ದರೆ ನನಗೊಂದು ಮಾತು ತಿಳಿಸಿ. ಸ್ಕ್ರಿಪ್ಟ್ ಕಳಿಸುತ್ತೇನೆ.