ಟಿಕ್ ಅನ್ನೋವರೆಗೆ: ಆರು ವಾರದ ಲೆಕ್ಕ

ಜನವರಿ 5, ಕಿಚನರ್, ಓಂಟಾರಿಯೊ

ಡೈನಾವ್ಯಾಪ್ ಬಂತು, ಸೊಪ್ಪನ್ನು ಸುಡದೆ ಬರೀ ಕಾಯಿಸಿ ಹಬೆ ಎಳೆಯೋ ಸಾಧನ. ವಿಸ್ಕಾನ್ಸಿನ್‌ನಲ್ಲಿ ತಯಾರಾಗುವ ಸ್ಟೀಲಿನ ಕೊಳವೆ, ಪೆನ್ನಿಗಿಂತ ಗಿಡ್ಡ. ಬ್ಯಾಟರಿ ಇಲ್ಲ, ಡಿಗ್ರಿ ತೋರಿಸೋ ಪರದೆಯೂ ಇಲ್ಲ. ತುದಿಯಲ್ಲಿ ಪುಟ್ಟ ಬಟ್ಟಲು. ಅದಕ್ಕೆ ಸೊಪ್ಪು ತುಂಬಿ, ಟೊಪ್ಪಿ ಹಾಕಿ, ಬ್ಯೂಟೇನ್ ಟಾರ್ಚಿನ ಉರಿಯಲ್ಲಿ ತಿರುಗಿಸುತ್ತಾ ಕಾಯಿಸಬೇಕು. ಟೊಪ್ಪಿಯೊಳಗೆ ಎರಡು ಲೋಹ ಸೇರಿಸಿ ಮಾಡಿದ ತೆಳ್ಳನೆ ಬಿಲ್ಲೆಗಳಿವೆ. ಬಿಸಿಗೆ ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆಗ ಬಿಲ್ಲೆ ಬಾಗಿ ‘ಟಿಕ್’ ಅನ್ನುತ್ತದೆ. ಹಳೇ ಇಸ್ತ್ರಿಪೆಟ್ಟಿಗೆ ತಾನಾಗೇ ಆಫ್ ಆಗೋದೂ ಇದೇ ಲೆಕ್ಕದಲ್ಲಿ. ಟಿಕ್ ಅಂದ ಮೇಲೆ ಬೆಂಕಿ ಆರಿಸಿ ಎಳೆಯೋದು. ತಣ್ಣಗಾದಾಗ ಇನ್ನೊಂದು ಟಿಕ್.

ಸೊಪ್ಪು ಅಂದರೆ ಗಾಂಜಾ, ಮುಚ್ಚಿಡೋದೇನಿಲ್ಲ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಕಾನೂನುಬದ್ಧ, ಓಂಟಾರಿಯೊದಲ್ಲಿ 19 ತುಂಬಿರಬೇಕು. ನಮ್ಮ ಕಡೆ, ಅಂದರೆ ಭಾರತದಲ್ಲಿ, 1985ರ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆ ಇದೆ. ಹಾಗಾಗಿ ಊರಿಗೆ ಹೋಗುವಾಗ ಈ ಕೊಳವೆಯನ್ನೂ ಸೂಟ್‌ಕೇಸಿಗೆ ಹಾಕೋದಿಲ್ಲ.

ಮೊದಲ ದಿನ ಸೊಪ್ಪನ್ನು ಏಲಕ್ಕಿ ಕುಟ್ಟೋ ಕುಟ್ಟಾಣಿಯಲ್ಲಿ ಕುಟ್ಟಿದೆ. ಅಂಟಂಟಾಗಿ ಉಂಡೆ ಕಟ್ಟಿತು. ಹಬೆ ಬರಲೇ ಇಲ್ಲ, ಬಾಯಲ್ಲಿ ಬಿಸಿ ಗಾಳಿ ಅಷ್ಟೇ. ಮಾರನೇ ದಿನ ಪಾಯಸಕ್ಕೆ ಏಲಕ್ಕಿ ಕುಟ್ಟಲು ಹೋದ ಹೆಂಡತಿ, ‘ಏನ್ರೀ ಇದು ವಾಸನೆ?’ ಅಂದಳು. ಈಗ ನನಗೆ ಬೇರೆ ಗ್ರೈಂಡರ್ ಇದೆ. ಕುಟ್ಟಾಣಿ ಕಡೆ ಕೈ ಹಾಕುವ ಹಾಗಿಲ್ಲ.

ಜನವರಿ 9

ಸುಟ್ಟೆ. ಟಿಕ್ ಕೇಳಿಸಿತು, ‘ಇನ್ನೊಂಚೂರು’ ಅಂತ ಐದಾರು ಸೆಕೆಂಡ್ ಹೆಚ್ಚಿಗೆ ಹಿಡಿದೆ. ಎಳೆದ ಕೂಡಲೇ ಗಂಟಲು ಉರಿಯಿತು. ಟೊಪ್ಪಿ ತೆಗೆದರೆ ಬಟ್ಟಲಲ್ಲಿ ಕರೀ ಬೂದಿ. 230 ಡಿಗ್ರಿ ಸೆಲ್ಸಿಯಸ್ ಆಸುಪಾಸು ದಾಟಿದರೆ ಸೊಪ್ಪು ಹಬೆ ಬಿಡೋದಿಲ್ಲ, ಹೊಗೆಯಾಡುತ್ತದೆ. ಹೊಗೆಯೇ ಬೇಕಿದ್ದರೆ ಇಷ್ಟು ದುಡ್ಡು ಕೊಡಬೇಕಿರಲಿಲ್ಲ, ಒಂದು ಚಿಲುಮೆ ಸಾಕಿತ್ತು. ಇದರ ಜೊತೆ ಬಿಸಿ ಟೊಪ್ಪಿಯನ್ನು ಊಟದ ಮೇಜಿನ ಮೇಲೆ ಇಟ್ಟಿದ್ದೆ. ಮರದ ಮೇಲೆ ದುಂಡಗೆ ಕಪ್ಪು ಗುರುತು. ಈಗ ಅದರ ಮೇಲೆ ಉಪ್ಪಿನಕಾಯಿ ಬಾಟಲಿ ಕೂತಿದೆ.

ಅವತ್ತಿನಿಂದ ನೋಟ್‌ಬುಕ್ ಶುರು ಮಾಡಿದೆ. ಟಿಕ್ ಅನ್ನೋಕೆ ಎಷ್ಟು ಸೆಕೆಂಡ್, ಉರಿ ಟೊಪ್ಪಿಯ ಎಲ್ಲಿಗೆ ತಾಗಿತು, ಕೊನೆಗೆ ಸೊಪ್ಪಿನ ಬಣ್ಣ ಏನು. ಮೂರೇ ಕಾಲಂ.

ಜನವರಿ 16

ಸೊಪ್ಪಿನದ್ದೂ ತಪ್ಪಿತ್ತು. ಚಳಿಗಾಲದಲ್ಲಿ ಇಲ್ಲಿ ಹೀಟರ್ ಇಡೀ ದಿನ ಓಡುತ್ತದೆ, ಮನೆಯೊಳಗಿನ ಗಾಳಿ ಹಪ್ಪಳ ಒಣಗಿಸೋ ಹಾಗಿರುತ್ತದೆ. ಡಬ್ಬಿಯಲ್ಲಿದ್ದದ್ದು ಬೆರಳಲ್ಲಿ ಮುಟ್ಟಿದರೆ ಪುಡಿಪುಡಿ. 62 ಪರ್ಸೆಂಟ್ ತೇವ ಕಾಪಾಡುವ ಪುಟ್ಟ ಪೊಟ್ಟಣ ಸಿಗುತ್ತದೆ, ಅದನ್ನು ಡಬ್ಬಿಯೊಳಗೆ ಹಾಕಿದೆ. ಮೂರು ದಿನಕ್ಕೆ ಘಮ ವಾಪಸ್ ಬಂತು, ಪೂರ್ತಿ ಅಲ್ಲ. ಹೋದ ಘಮ ಹೋಯಿತು. ಇನ್ನು ಮೇಲೆ ಡಬ್ಬಿ ಮೇಲಿನ ಪ್ಯಾಕಿಂಗ್ ತಾರೀಖು ನೋಡದೆ ಕೊಳ್ಳೋದಿಲ್ಲ.

ಜನವರಿ 24

ಇವತ್ತಿನದು ಸ್ವಲ್ಪ ಉದ್ದ ಬರೆಯಬೇಕು. ವಾಸನೆ ಜಗಳ ಬೇಡ ಅಂತ ಹಿಂದಿನ ಡೆಕ್‌ಗೆ ಹೋದೆ. ಹೊರಗೆ ಮೈನಸ್ 12. ಟಾರ್ಚ್ ಹತ್ತಲೇ ಇಲ್ಲ. ಹತ್ತಿದರೂ ಉರಿ ಪುಸಕ್ ಅಂತ ಸಾಯುತ್ತಿತ್ತು. ಬ್ಯೂಟೇನ್ ಕುದಿಯೋದು ಮೈನಸ್ ಅರ್ಧ ಡಿಗ್ರಿಯಲ್ಲಿ. ಅದಕ್ಕಿಂತ ಚಳಿಯಾದರೆ ಒಳಗೆ ದ್ರವವಾಗೇ ಕೂತಿರುತ್ತದೆ, ಗ್ಯಾಸಾಗಿ ಮೇಲೆ ಏಳೋದಿಲ್ಲ. ಟಾರ್ಚನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿದೆ. ಪಕ್ಕದ ಮನೆಯವರು ನೋಡಿದ್ದರೆ ಥರ್ಮಾಮೀಟರ್ ಅಂದುಕೊಳ್ಳುತ್ತಿದ್ದರೇನೋ.

ಹಾಗೂ ಹೀಗೂ ಬಂದದ್ದು ಸಣ್ಣ, ಸೋತ ಉರಿ. ಮನೆಯೊಳಗೆ ಎಂಟು ಸೆಕೆಂಡಿಗೆ ಟಿಕ್ ಅನ್ನುತ್ತಿದ್ದದ್ದು ಇಲ್ಲಿ 19 ಸೆಕೆಂಡ್ ತೆಗೆದುಕೊಂಡಿತು. ಸುಮ್ನೆ ಬಂದೆ ಅಂದುಕೊಳ್ಳುತ್ತಾ ಎಳೆದರೆ, ಮೂರು ವಾರದಲ್ಲೇ ಎಲ್ಲಕ್ಕಿಂತ ಒಳ್ಳೆ ಎಳೆತ! ದಪ್ಪ ಹಬೆ. ಚಳಿಯಲ್ಲಿ ಬಾಯಿಂದ ಬರೋ ಆವಿ ಇರಬೇಕು ಅಂದುಕೊಂಡೆ, ಆದರೆ ರುಚಿ ಸುಳ್ಳು ಹೇಳೋದಿಲ್ಲ. ನಿಂಬೆ ಸಿಪ್ಪೆಯ ಘಮ ಸ್ಪಷ್ಟವಾಗಿ ಬಂತು. ಸೊಪ್ಪು ತೆಗೆದು ಬಿಳೀ ಕಾಗದದ ಮೇಲೆ ಸುರಿದು ನೋಡಿದೆ. ಮೇಲಿಂದ ಕೆಳಗಿನವರೆಗೂ ಒಂದೇ ಕಂದು, ಹುರಿದ ಧನಿಯಾ ಬಣ್ಣ. ಇಷ್ಟು ದಿನ ಅಂಚು ಕಪ್ಪು, ನಡುವೆ ಹಸಿರು ಇರುತ್ತಿತ್ತು.

ಆಮೇಲೆ ಹೊಳೆಯಿತು. ಟಿಕ್ ಅನ್ನೋದು ಟೊಪ್ಪಿಯ ಬಿಸಿಗೆ, ಸೊಪ್ಪಿನ ಬಿಸಿಗಲ್ಲ. ದೊಡ್ಡ ಉರಿಯಲ್ಲಿ ಟೊಪ್ಪಿ ತಟಕ್ಕನೆ ಕಾಯುತ್ತದೆ, ಒಳಗಿರೋದು ಇನ್ನೂ ಹಸಿ. ಸಣ್ಣ ಉರಿಯಲ್ಲಿ ಬಿಸಿ ಒಳಗಿಳಿಯಲು ಹೊತ್ತು ಸಿಗುತ್ತದೆ. ಉಪ್ಪಿಟ್ಟಿಗೆ ರವೆ ಹುರಿಯುವಾಗ ಅಮ್ಮ ಉರಿ ತಗ್ಗಿಸುತ್ತಿದ್ದದ್ದೂ ಇದಕ್ಕೇ ಅಲ್ವಾ?

ಫೆಬ್ರವರಿ 2

ಮನೆಯೊಳಗೇ ಟಾರ್ಚನ್ನು ಅರ್ಧಕ್ಕೆ ತಗ್ಗಿಸಿ, ಕಿಟಕಿ ತೆಗೆದು ಮಾಡಿದೆ. 14 ಸೆಕೆಂಡ್. ಚೆನ್ನಾಗಿ ಬಂತು. ಉರಿಯ ಜಾಗವನ್ನೂ ಬದಲಾಯಿಸಿ ನೋಡಿದೆ. ಟೊಪ್ಪಿಯ ತುದಿಗೆ ಹಿಡಿದರೆ ಬಿಲ್ಲೆಗಳು ಅಲ್ಲೇ ಇರೋದರಿಂದ ಬೇಗ ಟಿಕ್, ಹಬೆ ತೆಳು, ರುಚಿ ಚೆನ್ನ. ಬುಡದ ಕಡೆ ಹಿಡಿದರೆ ತಡವಾಗಿ ಟಿಕ್, ಹಬೆ ದಪ್ಪ, ಸುಡೋ ಭಯ ಜಾಸ್ತಿ. ನನ್ನ ಅಭ್ಯಾಸ: ಮೊದಲ ಸಲ ತುದಿ, ಎರಡನೇ ಸಲ ನಡು. ಮಧ್ಯೆ ಒಮ್ಮೆ ಕಡ್ಡಿಯಲ್ಲಿ ಕಲಕೋದು. ಮೂರನೇ ಸಲ ಆಸೆಗೆ, ಅದರಲ್ಲಿ ಹುರಿದ ಪಾಪ್‌ಕಾರ್ನ್ ರುಚಿ ಬಿಟ್ಟರೆ ಏನೂ ಉಳಿದಿರೋದಿಲ್ಲ. ಮತ್ತೆ ಕಾಯಿಸುವ ಮುಂಚೆ, ತಣ್ಣಗಾದಾಗ ಬರೋ ಟಿಕ್ ಕೇಳಿಸಲೇಬೇಕು. ಅದಕ್ಕೆ ಮೊದಲೇ ಬೆಂಕಿ ಹಿಡಿದರೆ ಎಚ್ಚರಿಸೋಕೆ ಏನೂ ಇರೋದಿಲ್ಲ.

ತುಂಬೋದು ಹೀಗೆ: ನುಣ್ಣಗೆ ಬೇಡ, ಚಿರೋಟಿ ರವೆಯಲ್ಲ, ಬನ್ಸಿ ರವೆಯಷ್ಟು ತರಿ. ಒತ್ತಬಾರದು, ಹಗೂರಕ್ಕೆ ತಟ್ಟಿದರೆ ಸಾಕು. ಪೂರ್ತಿ ಬಟ್ಟಲಿಗೆ 0.1 ಗ್ರಾಂ ಹಿಡಿಯುತ್ತದೆ, ನನಗೆ ಅರ್ಧ ಬಟ್ಟಲೇ ಜಾಸ್ತಿ. ಎಳೆಯೋದು ನಿಧಾನ, ಬಿಸಿ ಕಾಫಿ ಹೀರಿದ ಹಾಗೆ, ಹತ್ತು ಸೆಕೆಂಡ್.

ಫೆಬ್ರವರಿ 15

ಎಳೆತ ಬಿಗಿಯಾಗಿತ್ತು. ಬಿಚ್ಚಿ ನೋಡಿದರೆ ಒಳಗಿನ ಸಣ್ಣ ಕೊಳವೆಗೆ ಜೇನಿನ ಬಣ್ಣದ ಅಂಟು. 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅರ್ಧ ಗಂಟೆ ನೆನೆಸಿ, ಬಿಸಿನೀರಲ್ಲಿ ತೊಳೆದು, ರಾತ್ರಿಯಿಡೀ ಒಣಗಿಸಿದೆ. ಆಲ್ಕೋಹಾಲ್ ಒಳಗೆ ಉಳಿದಿರುವಾಗ ಟಾರ್ಚ್ ಹಿಡಿಯುವ ದಡ್ಡತನ ಬೇಡ. ಭಾಗಗಳನ್ನು ಬಿಗಿಯಾಗಿ ಹಿಡಿಯೋ ರಬ್ಬರಿನ ಬಳೆಗಳನ್ನು (ಓ-ರಿಂಗ್) ಮೊದಲೇ ತೆಗೆದಿಡಬೇಕಿತ್ತು, ಮರೆತೆ. ಎರಡು ಉಬ್ಬಿಕೊಂಡಿವೆ, ಕೊಳವೆಯೇ ಒಳಗೆ ಹೋಗುತ್ತಿಲ್ಲ. ಹೊಸವು ಸೋಮವಾರ ಬರುತ್ತವಂತೆ. ಅಲ್ಲಿಯವರೆಗೆ ನೋಟ್‌ಬುಕ್ ಖಾಲಿ.