ಮರಿಗಿಂತ ಮೊದಲು ಕಡತ ತೋರಿಸಿ

ನಾಯಿಮರಿ ನೋಡಲು ಬಂದವರಿಗೆ, ಬಂದ ಕೂಡಲೇ ಮಡಿಲಿಗೆ ಮರಿ ಕೊಡಬೇಡಿ. ಮರಿ ಮಡಿಲಿಗೆ ಬಂದಮೇಲೆ ಯಾರೂ ಕೇಳಬೇಕಾದ್ದನ್ನು ಕೇಳುವುದಿಲ್ಲ. ಆಗ ಕೇಳದೇ ಬಿಟ್ಟ ಪ್ರಶ್ನೆಗಳು ಆರು ತಿಂಗಳ ಮೇಲೆ ದೂರುಗಳಾಗಿ, ಮರಿ ಹುಟ್ಟಿಸಿ ಮಾರುವ ಬ್ರೀಡರ್ ಬಾಗಿಲಿಗೇ ಬರುತ್ತವೆ. ಮೊದಲು ಅವರ ಕೈಗೆ ಕೊಡಬೇಕಾದದ್ದು ತಂದೆ-ತಾಯಿ ನಾಯಿಗಳ ಕಡತ.

‘ಡಾಕ್ಟರು ನೋಡಿದ್ದಾರೆ, ಆರೋಗ್ಯವಾಗಿವೆ’ ಎಂಬ ಚೀಟಿ ಸಾಲದು. ಸ್ಟೆತೊಸ್ಕೋಪ್ ಇಟ್ಟು ನೋಡಿದರೆ ಸೊಂಟದ ಕೀಲಿನ ದೋಷ ತಿಳಿಯುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ತಳಿಗಳಿಗೆ ಸೊಂಟ ಮತ್ತು ಮೊಣಕೈಯ ಎಕ್ಸ್‌ರೇ ವರದಿ ಬೇಕು. ವರದಿಯಲ್ಲಿ, ನಾಯಿಯ ಚರ್ಮದಡಿ ಕೂರಿಸುವ ಗುರುತಿನ ಮೈಕ್ರೋಚಿಪ್‌ನ 15 ಅಂಕಿಯ ಸಂಖ್ಯೆ ಇರಲಿ. ಕೊಳ್ಳುವವರ ಎದುರಿಗೇ ಸ್ಕ್ಯಾನರ್ ಹಿಡಿದು ನಾಯಿಯ ಚಿಪ್ ಓದಿಸಿ. ಎರಡೂ ತಾಳೆಯಾಗದಿದ್ದರೆ ಆ ಎಕ್ಸ್‌ರೇ ಯಾವ ನಾಯಿಯದೂ ಆಗಿರಬಹುದು.

ಡಿಎನ್‌ಎ ವರದಿಯಲ್ಲಿ ‘ವಾಹಕ’ (ತನಗೆ ಕಾಯಿಲೆ ಬರದಿದ್ದರೂ ಮರಿಗಳಿಗೆ ದೋಷ ದಾಟಿಸಬಲ್ಲ ನಾಯಿ) ಎಂದಿದ್ದರೆ ಬಹಳ ಜನ ಮುಚ್ಚಿಡುತ್ತಾರೆ. ದಡ್ಡತನ. ಕುರುಡು ತರುವ ಪಿಆರ್‌ಎಯಂಥ ಕಾಯಿಲೆಯಲ್ಲಿ ವಾಹಕ ನಾಯಿಯನ್ನು ಆ ದೋಷವಿಲ್ಲದ ನಾಯಿಗೆ ಕೂಡಿಸಿದರೆ ಮರಿಗಳಿಗೆ ಆ ಬಗೆಯ ಕಾಯಿಲೆ ಬರುವುದಿಲ್ಲ, ಸುಮಾರು ಅರ್ಧದಷ್ಟು ಮರಿಗಳು ವಾಹಕಗಳಾಗಬಹುದು, ಅಷ್ಟೇ. ಎರಡೂ ವಾಹಕಗಳಾದರೆ ಪ್ರತಿ ಮರಿಗೂ 25% ಅಪಾಯ. ಇದನ್ನು ಒಂದು ಹಾಳೆಯ ಮೇಲೆ ಗೀಚಿ ವಿವರಿಸಿದ ಬ್ರೀಡರನ್ನು ಜನ ಮರೆಯುವುದಿಲ್ಲ.

ತಾಯಿಯನ್ನು ಮರಿಗಳ ಜೊತೆಯಲ್ಲೇ ತೋರಿಸಿ. ಮೊಲೆ ಜೋತಿರುತ್ತದೆ, ಕೂದಲು ಉದುರಿರುತ್ತದೆ, ಮೈ ಇಳಿದಿರುತ್ತದೆ. ಹಾಲೂಡಿಸುವ ತಾಯಿ ಇರುವುದೇ ಹಾಗೆ. ತಂದೆ ಬೇರೆಯವರ ಬಳಿ ಇದ್ದರೆ ಹಾಗೆಂದೇ ಹೇಳಿ. ಒಳ್ಳೆಯ ಜೋಡಿ ಒಂದೇ ಮನೆಯಲ್ಲಿ ಸಿಗುವುದು ಅಪರೂಪ.

ತೂಕದ ಪಟ್ಟಿಯಷ್ಟು ನಂಬಿಸುವ ಕಾಗದ ಇನ್ನೊಂದಿಲ್ಲ. ಮರಿಗಳ ಕೊರಳಿಗೆ ಬೇರೆಬೇರೆ ಬಣ್ಣದ ಪಟ್ಟಿ ಕಟ್ಟಿ, ಮೊದಲ ಎರಡು ವಾರ ದಿನವೂ ಗ್ರಾಂ ಲೆಕ್ಕದಲ್ಲಿ ತೂಗಿ ಬರೆದಿಡಿ. 7ರಿಂದ 10 ದಿನಕ್ಕೆ ಹುಟ್ಟುತೂಕ ಇಮ್ಮಡಿಯಾಗಬೇಕು. ನಡುವೆ ಒಂದು ಮರಿ ಸೊರಗಿದ್ದರೆ ಆ ಸಾಲನ್ನು ತಿದ್ದಿ ಬರೆಯಬೇಡಿ. ಆಗ ಏನು ಮಾಡಿದಿರಿ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ಜಂತುಹುಳದ ಔಷಧಿ 2, 4, 6, 8ನೇ ವಾರ. ದಿನಾಂಕದ ಜೊತೆ ಔಷಧಿಯ ಹೆಸರು, ಅಂದಿನ ತೂಕ, ಕೊಟ್ಟ ಪ್ರಮಾಣ ಇರಲಿ. ಲಸಿಕೆ ಪುಸ್ತಕದಲ್ಲಿ ಬ್ಯಾಚ್ ಸಂಖ್ಯೆಯ ಚೀಟಿ, ಪಶುವೈದ್ಯರ ಸಹಿ. ‘ಲಸಿಕೆಯೆಲ್ಲ ಮುಗಿದಿದೆ’ ಎಂದು 8 ವಾರದ ಮರಿಯ ಬಗ್ಗೆ ಹೇಳಿದರೆ ಅದು ಸುಳ್ಳು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಲಸಿಕೆಯ ಕೆಲಸಕ್ಕೆ ಅಡ್ಡ ಬರುವುದರಿಂದ 16 ವಾರದವರೆಗೆ ಮತ್ತೆಮತ್ತೆ ಕೊಡಿಸಬೇಕು.

ಇನ್ನು ಕರಾರುಪತ್ರ. ಹೆಚ್ಚಿನ ಭರವಸೆಗಳು ಹುಸಿಯಾಗುವುದು ಇಲ್ಲೇ. ‘72 ಗಂಟೆಯೊಳಗೆ ಕಾಯಿಲೆ ಬಂದರೆ ನಮ್ಮ ಹೊಣೆ’ ಎಂದು ಬರೆದಿರುತ್ತಾರೆ. ಆದರೆ ಮರಿಗಳಿಗೆ ವಾಂತಿಭೇದಿ ತಂದು ಪ್ರಾಣ ತೆಗೆಯಬಲ್ಲ ಪಾರ್ವೊ ವೈರಸ್ ಸೋಂಕು ತಗುಲಿ ಲಕ್ಷಣ ಕಾಣಲು ವಾರವೂ ಹಿಡಿಯಬಹುದು, ಕೆಲವೊಮ್ಮೆ ಎರಡು ವಾರ. ಪಾರ್ವೊಗೆ 14 ದಿನದ ಹೊಣೆ ಬರೆದುಕೊಡಿ. ‘ಹುಟ್ಟುದೋಷ ಕಂಡರೆ ನಾಯಿ ವಾಪಸು ಕೊಡಿ, ಬೇರೆ ಮರಿ ಕೊಡುತ್ತೇವೆ’ ಎನ್ನುವುದು ಇನ್ನೊಂದು ಜಾಣತನ. ವರ್ಷ ಸಾಕಿದ ನಾಯಿಯನ್ನು ಯಾರು ವಾಪಸು ತಂದಾರು? ನಾಯಿಯನ್ನು ಅವರಲ್ಲೇ ಬಿಟ್ಟು, ಕೊಂಡ ಬೆಲೆಯಲ್ಲಿ ಇಷ್ಟು ಪಾಲನ್ನು ಚಿಕಿತ್ಸೆಗೆ ಹಿಂದಿರುಗಿಸುತ್ತೇವೆ ಎಂದು ಅಂಕಿ ಸಮೇತ ಬರೆಯಿರಿ. ಸಾಕಲಾಗದೆ ಬಿಡುವವರ ನಾಯಿಯನ್ನು ಯಾವ ವಯಸ್ಸಿನಲ್ಲಾದರೂ ಮರಳಿ ಪಡೆಯುವ ಮಾತೂ ಅದರಲ್ಲಿರಲಿ. ಹೊಕ್ಕುಳಿನ ಹರ್ನಿಯಾ (ಉಬ್ಬು), ಇಳಿಯದ ವೃಷಣ, ಹೃದಯದ ಮರ್ಮರ ಸದ್ದು ಇವು ಮರಿಯಲ್ಲಿದ್ದರೆ ಬಾಯಲ್ಲಿ ಹೇಳಿ ಬಿಡಬೇಡಿ, ಪತ್ರದಲ್ಲೂ ನಮೂದಿಸಿ.

8 ವಾರ ತುಂಬದ ಮರಿಯನ್ನು ಎಷ್ಟೇ ಅವಸರಪಡಿಸಿದರೂ ಕೊಡಬೇಡಿ. ಕೊಡುವಾಗ ಅದು ತಿನ್ನುತ್ತಿರುವ ಆಹಾರವನ್ನೇ ಒಂದು ವಾರಕ್ಕೆ ಸಾಲುವಷ್ಟು ಕಟ್ಟಿಕೊಡಿ. ಬದಲಿಸುವುದಿದ್ದರೆ ಆ ಏಳು ದಿನಗಳಲ್ಲಿ ಸ್ವಲ್ಪಸ್ವಲ್ಪವೇ ಬದಲಿಸಲಿ.

ಮೂರನೇ ದಿನ ನೀವೇ ಫೋನ್ ಮಾಡಿ. ‘ಚೆನ್ನಾಗಿದೆಯಾ’ ಎಂದರೆ ‘ಹೂಂ’ ಎಂಬ ಉತ್ತರ ಬಂದೀತು ಅಷ್ಟೇ. ಎಷ್ಟು ಸಲ ತಿಂದಿತು, ಮಲ ಗಟ್ಟಿಯೋ ನೀರೋ, ವಾಂತಿಯಾಯಿತೇ ಎಂದು ಬಿಡಿಬಿಡಿಯಾಗಿ ಕೇಳಿ. ಊಟ ಬಿಟ್ಟು ವಾಂತಿಭೇದಿ ಶುರುವಾಗಿದ್ದರೆ ಆ ಕ್ಷಣವೇ ಪಶುವೈದ್ಯರ ಬಳಿ ಕಳಿಸಿ. ಅದೇ ಸೂಲಿನ ಉಳಿದ ಮರಿಗಳನ್ನು ಕೊಂಡವರಿಗೂ ಅಂದೇ, ಅವರು ಕೇಳುವ ಮೊದಲೇ, ವಿಷಯ ತಿಳಿಸಿ.