ಲಕೋಟೆಯ ಮೇಲಿನ ಊರು

"ನಿಮ್ಮ ಕುಂತ ಯಾವುದು?" ಅಂತ ಕೌಂಟರಿನ ಹುಡುಗ ಕೇಳಿದ.

"ಮಾನಿಂಕ," ಅಂದರು ಅಜ್ಜಿ.

"ಅದು ಈಗ ಇಲ್ಲವಲ್ಲ. ಕುವೊಪಿಯೊ ಅಂತ ಹಾಕ್ತೀನಿ."

ಅಜ್ಜಿ ಚೀಲದಿಂದ ಒಂದು ಲಕೋಟೆ ತೆಗೆದು ಅವನ ಮುಂದಿಟ್ಟರು: 71750 ಮಾನಿಂಕ. "ಇಲ್ಲದ ಊರಿಗೆ ಕಾಗದ ಹೇಗಪ್ಪ ಬರುತ್ತೆ?"

ಮೊನ್ನೆ ಫಿನ್ಲೆಂಡಿನ ಕುವೊಪಿಯೊ ನಗರದ ಅಂಗಡಿಯಲ್ಲಿ ಕೇಳಿದ ಈ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಕುಂತ ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಆದಾಯ ತೆರಿಗೆಯಲ್ಲಿ ತನ್ನ ಪಾಲಿನ ದರವನ್ನು ತಾನೇ ಗೊತ್ತುಮಾಡುವಂಥದ್ದು. ನಾಲ್ಕು ಸಾವಿರವೂ ಜನರಿಲ್ಲದ ಮಾನಿಂಕ 2015ರ ಜನವರಿ 1ರಂದು ಲಕ್ಷ ದಾಟಿದ ಕುವೊಪಿಯೊದೊಳಗೆ ಸೇರಿತು. ಕುಂತಲ್ಲಿಂದ ಏಳದೆಯೇ ಅಜ್ಜಿಯ ಕುಂತ ಬದಲಾಯಿತು! ಅಂಚೆಯವರದು ಬೇರೆ ಪಟ್ಟಿ, ಅದರಲ್ಲಿ ಮಾನಿಂಕ ಹಾಗೇ ಉಳಿಯಿತು. ಹುಡುಗ ಒರಟನಲ್ಲ, ಅವಸರದವನು. "ಇಲ್ಲ" ಅನ್ನುವ ಬದಲು "ಸೇರಿದೆ" ಅಂದಿದ್ದರೆ ಸಾಕಿತ್ತು.

ಸೇರಿಸುವುದಕ್ಕೂ ಕ್ರಮವಿದೆ. ಮೊದಲು ಎರಡೂ ಕಡೆಯವರು ಒಪ್ಪಂದ ಬರೆಯುತ್ತಾರೆ. ಜನ ಆಕ್ಷೇಪಣೆ ಸಲ್ಲಿಸಲು 30 ದಿನ ಕೊಡುತ್ತಾರೆ. ಬೇಕಿದ್ದರೆ ಜನಮತ ಕೇಳಬಹುದು, ಆದರೆ ಅದು ಸಲಹೆ ಮಾತ್ರ. ಎರಡೂ ಕೌನ್ಸಿಲುಗಳು ಒಪ್ಪಿದ ಮೇಲೆ ಸರ್ಕಾರ ಮುದ್ರೆ ಒತ್ತುತ್ತದೆ. ಸಾಲ, ಆಸ್ತಿ, ಕಡತ, ನೌಕರರು ಎಲ್ಲವೂ ಹೊಸ ಕುಂತಕ್ಕೆ ಹೋಗುತ್ತವೆ. ಮಾನಿಂಕ ಸೇರಿದ ಕಾಲಕ್ಕೆ, ಸೇರ್ಪಡೆಯ ನೆಪವೊಡ್ಡಿ ಐದು ವರ್ಷ ಯಾರನ್ನೂ ಕೆಲಸದಿಂದ ತೆಗೆಯುವಂತಿರಲಿಲ್ಲ. ಸೇರ್ಪಡೆಯ ಉಳಿತಾಯ ತಡವಾಗುತ್ತಿದ್ದುದು ಇದರಿಂದಲೇ. ಎಡವಟ್ಟಾಗುವುದು ಬೀದಿ ಹೆಸರುಗಳಲ್ಲಿ. ಶಾಲೆ ರಸ್ತೆ, ಚರ್ಚ್ ರಸ್ತೆ ಊರೂರಲ್ಲೂ ಇರುತ್ತವೆ. ಒಂದೇ ಕುಂತದಲ್ಲಿ ಎರಡು ಉಳಿದರೆ ಆಂಬುಲೆನ್ಸ್ ತಪ್ಪು ಊರಿಗೆ ಓಡುತ್ತದೆ, ಹಾಗಾಗಿ ಒಂದರ ಹೆಸರು ಬದಲಾಗಲೇಬೇಕು. ಸಾಮಾನ್ಯವಾಗಿ ಬದಲಾಗುವುದು ಸಣ್ಣ ಊರಿನದೇ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಸಣ್ಣ ಕುಂತಗಳನ್ನು ಹೆಚ್ಚಾಗಿ ಬಗ್ಗಿಸಿ ದೊಡ್ಡದಕ್ಕೆ ಸೇರುವಂತೆ ಮಾಡಿದ್ದು ವೃದ್ಧರ ಆರೈಕೆ ಮತ್ತು ಆಸ್ಪತ್ರೆಯ ಖರ್ಚು. 2009ರ ಜನವರಿ 1ರ ಒಂದೇ ದಿನದಲ್ಲಿ ದೇಶದ ಕುಂತಗಳು 415ರಿಂದ 348ಕ್ಕೆ ಇಳಿದವು. 2023ರಲ್ಲಿ ಆರೋಗ್ಯದ ಹೊಣೆಯನ್ನೇ ಕುಂತಗಳಿಂದ ತೆಗೆದು, ಹೆಲ್ಸಿಂಕಿ ಮತ್ತು ಓಲಂಡ್ ದ್ವೀಪಗಳನ್ನು ಬಿಟ್ಟು ಉಳಿದೆಡೆ, 21 ಹೊಸ ಪ್ರದೇಶಗಳಿಗೆ ಕೊಟ್ಟರು. ಕುಂತಗಳ ತೆರಿಗೆ ದರದಿಂದ 12.64 ಶೇಕಡಾವಾರು ಅಂಶ ಕತ್ತರಿಸಿದರು. ಹೊರೆ ಹೊರಲಾರದೆ ಮನೆ ಮಾರಿದವನಿಗೆ, ಹೊರೆಯನ್ನು ಇನ್ನೊಬ್ಬರು ಹೊತ್ತುಕೊಂಡ ಸುದ್ದಿ ಆಮೇಲೆ ಬಂದ ಹಾಗೆ.

ಕೊನೆಗೆ ಫಾರಂ ನೋಡಿದರೆ ಅದರಲ್ಲಿ ಎರಡು ಖಾನೆ ಇದ್ದವು. ಅಂಚೆಯ ಊರಿಗೆ ಮಾನಿಂಕ, ಕುಂತಕ್ಕೆ ಕುವೊಪಿಯೊ. ಅಜ್ಜಿ ಮೊದಲನೆಯದನ್ನು ಅಕ್ಷರ ಅಕ್ಷರವಾಗಿ ಓದಿ, ಎರಡನೆಯದಕ್ಕೆ ಬರುವಾಗ ಕನ್ನಡಕ ತೆಗೆದಿಟ್ಟರು.